ಗಟ್ಟಿ ಪೆಟ್ಟಿಗೆಯೊಳಗೂ ಗಾಜು ಒಡೆಯುವುದೇಕೆ?

ಪ್ರಶ್ನೆ: ಉಪ್ಪಿನಕಾಯಿ ಬಾಟಲಿಯನ್ನು ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅಂಚೆಯಲ್ಲಿ ಕಳಿಸಿದರೂ ಒಡೆಯುವುದೇಕೆ?

ಪಾರ್ಸೆಲ್ ಬಿದ್ದಾಗ ಪೆಟ್ಟಿಗೆ ತಟ್ಟನೆ ನಿಲ್ಲುತ್ತದೆ. ಒಳಗಿನ ಬಾಟಲಿ ಮಾತ್ರ ಅದೇ ವೇಗದಲ್ಲಿ ಸಾಗಿ ಪೆಟ್ಟಿಗೆಯ ಗೋಡೆಗೆ ಬಡಿಯುತ್ತದೆ. ಕ್ರಿಕೆಟ್ ಆಟಗಾರ ಕ್ಯಾಚ್ ಹಿಡಿಯುವಾಗ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದನ್ನು ನೋಡಿದ್ದೀರಲ್ಲ? ಚೆಂಡು ನಿಲ್ಲಲು ತುಸು ಹೆಚ್ಚು ಸಮಯ ಸಿಕ್ಕರೆ ಪೆಟ್ಟಿನ ಬಿರುಸು ತಗ್ಗುತ್ತದೆ. ಮುದುಡಿದ ಕಾಗದ, ಬಬಲ್ ರ‍್ಯಾಪ್ ಮಾಡುವುದೂ ಅದನ್ನೇ: ತಾವು ಕುಗ್ಗುತ್ತಾ ಬಾಟಲಿಯನ್ನು ನಿಧಾನವಾಗಿ ನಿಲ್ಲಿಸುತ್ತವೆ. ಆದ್ದರಿಂದ ಆರೂ ಬದಿಗೆ, ಅದರಲ್ಲೂ ತಳಕ್ಕೆ ಮತ್ತು ಮೂಲೆಗಳಿಗೆ, ಒತ್ತಾಗಿ ತುಂಬಿ. ಅಲುಗಾಡಿಸಿದಾಗ ಸದ್ದು ಬಂದರೆ ಇನ್ನಷ್ಟು ತುರುಕಿ. ‘ಜೋಪಾನ’ ಎಂದು ಬರೆದದ್ದನ್ನೇ ನಂಬಬೇಡಿ. ರಾಶಿಯ ನಡುವೆ ಅದು ಯಾರ ಕಣ್ಣಿಗೂ ಬೀಳದಿರಬಹುದು. ಎಣ್ಣೆ ಸೋರಿದರೆ ಹೊರಗಿನ ವಿಳಾಸ ಅಳಿಸೀತು. 6 ಅಂಕಿಯ ಪಿನ್‌ಕೋಡ್ ಸಹಿತ ಇನ್ನೊಂದು ವಿಳಾಸದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪೆಟ್ಟಿಗೆಯೊಳಗೂ ಇಡಿ.