ಮಗ್ಗದ ಮನೆಯಿಂದ ಬಂದ ಗಾಡಿ

ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಬಾಡಿಗೆ ಗಾಡಿ ಗೊತ್ತು ಮಾಡಲು ಹೋದವರು ದರ ಕೇಳುವ ಮೊದಲೇ ‘ಇನ್ನೋವಾ ಐತಾ?’ ಎನ್ನುತ್ತಾರೆ. ಚನ್ನಗಿರಿಯಲ್ಲಿ ಅಡಿಕೆಗೆ ಒಳ್ಳೆ ರೇಟು ಸಿಕ್ಕ ವರ್ಷ ತೋಟದ ಮನೆಯ ಅಂಗಳಕ್ಕೆ ಬರುವ ಹೊಸ ಗಾಡಿಗಳಲ್ಲಿ ಬಿಳಿ ಬಣ್ಣದ ಇನ್ನೋವಾ ಒಂದಾದರೂ ಇರುತ್ತದೆ. ಮಳೆ ನೆಚ್ಚಿ ಮೆಕ್ಕೆಜೋಳ, ಶೇಂಗಾ ಬಿತ್ತುವ ಜಗಳೂರಿನಲ್ಲಿ ಹೊಸದು ಕೊಳ್ಳುವವರು ಕಡಿಮೆ. ಅಲ್ಲಿಗೆ ಅದೇ ಗಾಡಿ ಎರಡನೆಯ, ಮೂರನೆಯ ಓನರ್ ಕೈಗೆ ಬರುತ್ತದೆ. ಬಂದು ಮತ್ತೆ ಹತ್ತು ವರ್ಷ ಓಡುತ್ತದೆ.

ಈ ನಾಲ್ಕು ತಾಲ್ಲೂಕುಗಳ ಜನಕ್ಕೆ ದೂರದ ಪ್ರಯಾಣವೆಂದರೆ ಗೊತ್ತಿರುವ ದಾರಿಗಳು ಕೆಲವೇ. ದೊಡ್ಡ ಕಾಯಿಲೆಗೆ ಮಣಿಪಾಲ, ಹರಕೆಗೆ ಧರ್ಮಸ್ಥಳ, ಮಂತ್ರಾಲಯ, ತಿರುಪತಿ. ಮನೆಮಂದಿಯೆಲ್ಲ ಒಟ್ಟಿಗೆ ಹೊರಡಬೇಕು, ಅಜ್ಜಿಗೆ ಕಾಲು ಚಾಚಲು ಜಾಗ ಬೇಕು, ರಾತ್ರಿ ಆಗುಂಬೆ ಘಾಟಿಯಲ್ಲಿ ಗಾಡಿ ನಿಲ್ಲಬಾರದು. ಅಂಬಾಸಿಡರ್, ಮಟಾಡೋರ್, ಟ್ರಾಕ್ಸ್, ಆಮೇಲೆ ಟಾಟಾ ಸುಮೊ, ಒಂದೊಂದೂ ತನ್ನ ಕಾಲದಲ್ಲಿ ನಮ್ಮ ಜನರನ್ನು ಹೊತ್ತು ತಿರುಗಿದವೇ. ಅವುಗಳ ಋಣ ದೊಡ್ಡದು. ಆದರೆ 2000ದ ಜನವರಿಯಲ್ಲಿ ಟೊಯೊಟಾ ಕ್ವಾಲಿಸ್ ಬಂದ ಮೇಲೆ ಬಾಡಿಗೆ ಗಾಡಿಯ ಡ್ರೈವರುಗಳ ಬಾಯಲ್ಲಿ ಒಂದು ಹೊಸ ಮಾತು ಹುಟ್ಟಿಕೊಂಡಿತು: ‘ಎಂಜಿನ್ ಇನ್ನೂ ಬಿಚ್ಚಿಲ್ಲ ಅಣ್ಣ.’ ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಿದವನು ಹಾಗೆ ಹೇಳುವಾಗ ಅವನ ಮುಖ ನೋಡಬೇಕು, ಮಗ ರ‍್ಯಾಂಕ್ ಬಂದ ಸುದ್ದಿ ಹೇಳುವ ತಂದೆಯ ಹಾಗಿರುತ್ತದೆ.

ಈ ನಂಬಿಕೆಯ ಬೇರು ಹುಡುಕುತ್ತ ಹೋದರೆ ಸಿಗುವುದು ಒಂದು ಬಟ್ಟೆ ಮಗ್ಗ. ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯ ಜಿಲ್ಲೆಯವರಿಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ.

ಆ ಮಗ್ಗ ಮಾಡಿದ ಸಕಿಚಿ ಟೊಯೊಡಾ ಹುಟ್ಟಿದ್ದು 1867ರಲ್ಲಿ, ಜಪಾನಿನ ಒಂದು ಹಳ್ಳಿಯ ಬಡಗಿಯ ಮನೆಯಲ್ಲಿ. ಆ ಸೀಮೆಯಲ್ಲಿ ಹೆಂಗಸರು ಮನೆಮನೆಯಲ್ಲೂ ಮಗ್ಗದ ಮುಂದೆ ಕೂತು ನೇಯುತ್ತಿದ್ದರು. ಅವರ ಶ್ರಮ ತಗ್ಗಿಸಬೇಕೆಂದು ಮರದ ಕೈಮಗ್ಗವೊಂದನ್ನು ಸುಧಾರಿಸಿ ಅವನು 1891ರಲ್ಲಿ ಪೇಟೆಂಟ್ ಪಡೆದ. 1896ರಲ್ಲಿ ಯಂತ್ರದ ಮಗ್ಗ ಮಾಡಿದ. ಅದರಲ್ಲಿದ್ದ ವಿಶೇಷ ಇದು: ಹೊಕ್ಕಿನ ನೂಲು ತುಂಡಾದ ಕೂಡಲೆ ಮಗ್ಗ ತಾನೇ ನಿಲ್ಲುತ್ತಿತ್ತು. ನೂಲು ತುಂಡಾಗಿದ್ದು ಕಾಣದೆ ಮಗ್ಗ ಓಡುತ್ತಲೇ ಇದ್ದರೆ ಗಜಗಟ್ಟಲೆ ಬಟ್ಟೆ ಹಾಳು. ಮುಂದೆ ಹಾಸಿನ ಎಳೆಗಳಿಗೂ ಇದೇ ಏರ್ಪಾಡು ಬಂತು. ಎಳೆಯೊಂದಕ್ಕೆ ಒಂದು ತೆಳ್ಳನೆಯ ಲೋಹದ ತುಣುಕು ನೇತುಬಿದ್ದಿರುತ್ತದೆ. ಎಳೆ ಕಡಿದರೆ ತುಣುಕು ಕೆಳಗೆ ಬೀಳುತ್ತದೆ. ಬಿದ್ದದ್ದೇ ಮಗ್ಗ ನಿಲ್ಲುತ್ತದೆ. 1924ರ ಹೊತ್ತಿಗೆ ಸಕಿಚಿ ಮತ್ತು ಮಗ ಕಿಇಚಿರೊ ಸೇರಿ ಪೂರ್ತಿ ಸ್ವಯಂಚಾಲಿತವಾದ ‘ಜಿ’ ಮಾದರಿಯ ಮಗ್ಗ ತಂದರು. ಲಾಳಿಯೊಳಗಿನ ಕಂಡಿಕೆ ಮುಗಿದರೆ ಮಗ್ಗ ನಿಲ್ಲಿಸದೆಯೇ ಹೊಸ ಲಾಳಿ ಬಂದು ಕೂರುತ್ತಿತ್ತು. ಒಬ್ಬಳೇ ಹೆಣ್ಣುಮಗಳು ಮೂವತ್ತು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು.

1929ರಲ್ಲಿ ಇಂಗ್ಲೆಂಡಿನ ಓಲ್ಡಮ್ ಊರಿನ ಪ್ಲಾಟ್ ಬ್ರದರ್ಸ್ ಕಂಪನಿ, ಪ್ರಪಂಚಕ್ಕೇ ಗಿರಣಿ ಯಂತ್ರ ಮಾರುತ್ತಿದ್ದ ಕಂಪನಿ, ಈ ಮಗ್ಗದ ಪೇಟೆಂಟ್ ಹಕ್ಕಿಗೆ ಒಂದು ಲಕ್ಷ ಪೌಂಡ್ ಕೊಡಲು ಒಪ್ಪಿತು. ಮರುವರ್ಷ ಸಕಿಚಿ ತೀರಿಕೊಂಡ. ಕಿಇಚಿರೊ 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗ ತೆರೆದ. 1935ರಲ್ಲಿ ಮೊದಲ ಕಾರಿನ ಮಾದರಿಯೂ ಜಿ1 ಎಂಬ ಟ್ರಕ್ಕೂ ತಯಾರಾದವು. 1937ರ ಆಗಸ್ಟ್‌ನಲ್ಲಿ ಟೊಯೊಟಾ ಮೋಟಾರ್ ಕಂಪನಿ ಪ್ರತ್ಯೇಕವಾಗಿ ನಿಂತಿತು.

ಇವತ್ತು ‘ಕೈ ಕೊಡದ ಗಾಡಿ’ ಎಂದು ಹೆಸರಾದ ಈ ಕಂಪನಿಯ ಮೊದಲ ಟ್ರಕ್ಕುಗಳು ಪದೇ ಪದೇ ಕೆಟ್ಟು ದಾರಿಯಲ್ಲಿ ನಿಲ್ಲುತ್ತಿದ್ದವು. ಕಂಪನಿಯ ಎಂಜಿನಿಯರುಗಳು ಕೆಟ್ಟ ಜಾಗಕ್ಕೇ ಹೋಗಿ, ಏನು ಮುರಿಯಿತು, ಯಾಕೆ ಮುರಿಯಿತು ಎಂದು ನೋಡಿ ಬಂದು ಕಾರ್ಖಾನೆಯಲ್ಲಿ ತಿದ್ದುತ್ತಿದ್ದರು. 1957ರಲ್ಲಿ ಅಮೆರಿಕಕ್ಕೆ ಕಳಿಸಿದ ಕ್ರೌನ್ ಕಾರು ಅಲ್ಲಿನ ಹೆದ್ದಾರಿಯ ವೇಗಕ್ಕೆ ಏದುಸಿರು ಬಿಟ್ಟಿತು. ಕೊನೆಗೆ ಅಲ್ಲಿ ಅದರ ಮಾರಾಟ ನಿಲ್ಲಿಸಿದರು. 1966ರಲ್ಲಿ ಬಂದ ಕೊರೊಲಾ ಮಾತ್ರ ಲೋಕವನ್ನೇ ಗೆದ್ದಿತು. ಸೋತ ಗಾಡಿಗಳನ್ನು ಇಷ್ಟು ಶ್ರದ್ಧೆಯಿಂದ ಓದಿಕೊಂಡ ಕಂಪನಿ ವಿರಳ.

ಅದಕ್ಕೂ ಮುಂಚೆ ಕಂಪನಿ ಮುಳುಗುವ ಹಂತಕ್ಕೆ ಬಂದದ್ದೂ ಉಂಟು. 1950ರಲ್ಲಿ ಸಾಲ ಕತ್ತಿಗೆ ಬಂದು, ಕೆಲಸಗಾರರನ್ನು ತೆಗೆಯಬೇಕಾಗಿ, ಮುಷ್ಕರವಾಗಿ, ಆ ಹೊಣೆ ಹೊತ್ತು ಕಿಇಚಿರೊ ರಾಜೀನಾಮೆ ಕೊಟ್ಟ. ಎರಡು ವರ್ಷಕ್ಕೆ ತೀರಿಯೂ ಹೋದ. ಆಮೇಲಿನ ಕಾಲದಲ್ಲಿ ಕಾರ್ಖಾನೆಯ ಒಳಗಿನ ಕ್ರಮವನ್ನು ಕಟ್ಟಿದವನು ತಾಯಿಚಿ ಓನೊ. ಅವನು ಮೊದಲು ಕೆಲಸಕ್ಕೆ ಸೇರಿದ್ದು 1932ರಲ್ಲಿ, ಟೊಯೊಡಾ ಮನೆತನದ ನೂಲುವ, ನೇಯುವ ಗಿರಣಿಗೆ. ಗಿರಣಿಯಲ್ಲಿ ಕಂಡದ್ದನ್ನೇ ಅವನು ಕಾರಿನ ಕಾರ್ಖಾನೆಗೆ ಹೊತ್ತು ತಂದ. ಬೇಕಾದ ಬಿಡಿಭಾಗ ಬೇಕಾದಾಗ, ಬೇಕಾದಷ್ಟೇ ಬರಬೇಕು. ತಪ್ಪು ಕಂಡವನು, ಎಷ್ಟೇ ಕಿರಿಯ ಕೆಲಸಗಾರನಾದರೂ, ತಲೆಯ ಮೇಲಿರುವ ಹಗ್ಗ ಎಳೆಯಬೇಕು. ಮೇಲ್ವಿಚಾರಕ ಓಡಿಬರಬೇಕು, ತಪ್ಪು ಆಗಲೇ ಸರಿಹೋಗದಿದ್ದರೆ ಸಾಲಿಗೆ ಸಾಲೇ ನಿಲ್ಲಬೇಕು. ನೂಲು ಕಡಿದರೆ ಮಗ್ಗ ನಿಲ್ಲಿಸುವ ಆ ಲೋಹದ ತುಣುಕಿನ ಕೆಲಸವನ್ನು ಇಲ್ಲಿ ಮನುಷ್ಯನ ಕೈಗೆ ಒಪ್ಪಿಸಲಾಗಿದೆ.

ಇನ್ನು ನಮ್ಮ ಕಡೆಯ ಕೊಂಡಿ. ಕಿರ್ಲೋಸ್ಕರ್ ಮನೆತನದ ಹಿರಿಯ ಲಕ್ಷ್ಮಣರಾಯರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದವರು. ಅದೇ ಮನೆತನ 1941ರಲ್ಲಿ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಮೈಸೂರು ಕಿರ್ಲೋಸ್ಕರ್ ಕಂಪನಿ ಆರಂಭಿಸಿತು. ಅಲ್ಲಿ ತಯಾರಾದ ‘ಎಂಟರ್‌ಪ್ರೈಸ್’ ಲೇತುಗಳು ದೇಶದ ವರ್ಕ್‌ಶಾಪುಗಳಲ್ಲಿ, ಐಟಿಐಗಳಲ್ಲಿ ದಶಕಗಳ ಕಾಲ ತಿರುಗಿದವು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರ ಎಂದೇ ಹೆಸರು. ಹೊನ್ನಾಳಿ ಕಡೆಯ ಹಳ್ಳಿಗಳ ಹುಡುಗರು ನೂಲೆಳೆಯಷ್ಟು ಅಳತೆಯ ವ್ಯತ್ಯಾಸ ಹಿಡಿಯುವುದನ್ನು ಕಲಿತದ್ದು ಅಲ್ಲಿ.

1995ರಲ್ಲಿ ಕಿರ್ಲೋಸ್ಕರ್ ಮತ್ತು ಟೊಯೊಡಾ ಮಗ್ಗದ ಕಂಪನಿ ಸೇರಿ ಬೆಂಗಳೂರಿನ ಹತ್ತಿರದ ಜಿಗಣಿಯಲ್ಲಿ ನೂಲುವ ಯಂತ್ರಗಳ ಕಂಪನಿ ಸ್ಥಾಪಿಸಿದವು. ಅಂದರೆ ಟೊಯೊಟಾ ಕರ್ನಾಟಕಕ್ಕೂ ಬಟ್ಟೆಯ ದಾರಿಯಲ್ಲೇ ಬಂತು. ಆ ಪರಿಚಯ ಗಟ್ಟಿಯಾಗಿ 1997ರ ಅಕ್ಟೋಬರಿನಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು. ಮನೆತನದ ನಾಲ್ಕನೆಯ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ ಅದರ ಮುಂಚೂಣಿಯಲ್ಲಿದ್ದರು. 2022ರ ನವೆಂಬರಿನಲ್ಲಿ ತೀರಿಕೊಳ್ಳುವವರೆಗೂ ಇದ್ದರು. ಬಿಡದಿಯ 432 ಎಕರೆಯಲ್ಲಿ ಕಾರ್ಖಾನೆ ಎದ್ದು 1999ರ ಡಿಸೆಂಬರಿನಲ್ಲಿ ಉತ್ಪಾದನೆ ಶುರುವಾಯಿತು. ನನಗೆ ಕಸಿವಿಸಿಯಾಗುವುದು ಇಲ್ಲಿ. ಬಿಡದಿಯ ಬಾಗಿಲು ತೆರೆದ ಆಸುಪಾಸಿನ ವರ್ಷಗಳಲ್ಲೇ ಹರಿಹರದ ಲೇತ್ ಕಾರ್ಖಾನೆ ಬಾಗಿಲು ಹಾಕಿತು. ದಾವಣಗೆರೆಯ ಗಿರಣಿಗಳೂ ಒಂದೊಂದಾಗಿ ನಿಂತುಹೋಗಿದ್ದವು. ಯಂತ್ರದ ಕೆಲಸ ಬಲ್ಲ ಒಂದು ಸೀಮೆಯ ಕೈಗಳು ಖಾಲಿಯಾದವು. ಹೊಸ ಕೆಲಸ ಬೇಕಾದ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರು.

ಕ್ವಾಲಿಸ್ ನೋಡಲು ಚೆಂದದ ಗಾಡಿ ಆಗಿರಲಿಲ್ಲ. ಡಬ್ಬದ ಆಕಾರ, ಹಳೇ ವಿನ್ಯಾಸ. ಇಂಡೋನೇಷ್ಯಾದ ಹಳ್ಳಿ ರಸ್ತೆಗಳಿಗೆಂದು 1977ರಿಂದ ಮಾಡುತ್ತ ಬಂದಿದ್ದ ಕಿಜಾಂಗ್ ಗಾಡಿಯನ್ನೇ ನಮ್ಮ ದೇಶಕ್ಕೆ ಒಗ್ಗಿಸಿದ್ದರು. ಪತ್ರಿಕೆಗಳಲ್ಲಿ ಟೀಕೆ ಬಂತು. ಆದರೆ ಒಳಗೆ ಕೂತವರಿಗೆ ಬೇರೆಯೇ ಅನುಭವ. ಹತ್ತು ಸೀಟಿನ ಮಾದರಿಯಲ್ಲಿ ಹಿಂದೆ ಎದುರುಬದುರು ಬೆಂಚು. ನಡುವೆ ಬುತ್ತಿಯ ಗಂಟು, ನೀರಿನ ಕ್ಯಾನು, ಮಕ್ಕಳು. 2.4 ಲೀಟರಿನ ಡೀಸೆಲ್ ಎಂಜಿನ್ ಅಬ್ಬರಿಸುತ್ತಿರಲಿಲ್ಲ. ಗುಂಡಿಯಲ್ಲಿ ಇಳಿದು ಹತ್ತಿದರೂ ಹಿಂದೆ ಮಲಗಿದ ರೋಗಿ ನರಳುವಷ್ಟು ಕುಲುಕುತ್ತಿರಲಿಲ್ಲ. ನಮ್ಮ ಜನ ಗಾಡಿಗೆ ಮಾರ್ಕು ಕೊಡುವುದು ಇಂಥದ್ದಕ್ಕೆ. ವ್ಯಾಪಾರ ಜೋರಾಗಿದ್ದಾಗಲೇ, 2005ರಲ್ಲಿ, ಕಂಪನಿ ಕ್ವಾಲಿಸ್ ನಿಲ್ಲಿಸಿ ಇನ್ನೋವಾ ತಂದಿತು. ಓಡುವ ಕುದುರೆಯನ್ನು ಯಾರಾದರೂ ಕಟ್ಟಿಹಾಕುತ್ತಾರೆಯೇ ಎಂದು ಆಗ ಆಡಿಕೊಂಡವರೇ ಆಮೇಲೆ ಇನ್ನೋವಾಕ್ಕೆ ಸರದಿ ನಿಂತರು.

ಗಟ್ಟಿ ಚಾಸಿಸ್ ಮೇಲೆ ಕೂರಿಸಿದ ಬಾಡಿ, ಹಿಂದಿನ ಚಕ್ರಕ್ಕೆ ಶಕ್ತಿ, ಮೂರೂ ಸಾಲಿಗೆ ತಣ್ಣನೆ ಗಾಳಿ, ನಡುಸಾಲಿನಲ್ಲಿ ಕೈ ಇಟ್ಟುಕೊಳ್ಳಲು ಆಸರೆಯಿರುವ ಬಿಡಿ ಸೀಟು. ಹೆಂಡಿರು ಮಕ್ಕಳ ಜೊತೆ ಹೊರಟ ತೋಟದ ಯಜಮಾನನಿಗೂ, ದಿನಕ್ಕೆ ನಾಲ್ಕು ಮದುವೆ, ಎರಡು ಸಾವಿನ ಮನೆ ಸುತ್ತುವ ರಾಜಕಾರಣಿಗೂ, ಯೆಲ್ಲೋ ಬೋರ್ಡ್ ಹಾಕಿಕೊಂಡು ದುಡಿಯುವವನಿಗೂ ಒಂದೇ ಗಾಡಿ ಹೊಂದಿದ್ದು ನಮ್ಮಲ್ಲಿ ಅಪರೂಪ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಫೆಬ್ರುವರಿಯ ಸೇವಾಲಾಲ್ ಜಯಂತಿಗೆ ಹೋಗಿ ನೋಡಿ. ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದ ಬಂದ ಬಂಜಾರ ಕುಟುಂಬಗಳ ಗಾಡಿಗಳು ಹೊಲದುದ್ದಕ್ಕೂ ನಿಂತಿರುತ್ತವೆ. ಟಾಪ್ ಕ್ಯಾರಿಯರ್ ಮೇಲೆ ಹಾಸಿಗೆ, ಪಾತ್ರೆ, ಒಲೆ ಕಟ್ಟಿಕೊಂಡ ಇನ್ನೋವಾಗಳು ಅಲ್ಲಿ ಧಾರಾಳವಾಗಿ ಕಾಣುತ್ತವೆ.

ಜಗಳೂರು, ಬಿಳಿಚೋಡಿನ ಕಡೆ ಹಳೆಯ ಇನ್ನೋವಾ ಕೊಳ್ಳುವ ರೀತಿಯೇ ಒಂದು ಶಾಸ್ತ್ರ. ‘ಕೆಎ-17’ ನಂಬರಿನ ನಮ್ಮದೇ ಜಿಲ್ಲೆಯ ಗಾಡಿಯಾದರೆ ಹಳೇ ಓನರ್ ಯಾರು, ಸ್ವಂತಕ್ಕೆ ಓಡಿಸಿದನೋ ಬಾಡಿಗೆಗೋ ಎಂದು ಮೊದಲು ವಿಚಾರಿಸುತ್ತಾರೆ. ಮೀಟರ್ ತೋರಿಸುವ ಅಂಕಿಯನ್ನು ಯಾರೂ ಪೂರ್ತಿ ನಂಬುವುದಿಲ್ಲ. ಸ್ಟೇರಿಂಗಿನ ಸವೆತ, ಕ್ಲಚ್ ಪೆಡಲಿನ ರಬ್ಬರು, ಡ್ರೈವರ್ ಸೀಟಿನ ಅಂಚು ನೋಡುತ್ತಾರೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ನನ್ನು ತಮ್ಮ ಕೈಯಾರೆ ಸ್ಟಾರ್ಟ್ ಮಾಡಿ, ಹಿಂದೆ ಹೋಗಿ ಹೊಗೆಯ ಬಣ್ಣ ನೋಡುತ್ತಾರೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಕಿವಿಗೊಡುತ್ತಾರೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂದು ಕೇಳುತ್ತಾರೆ, ಏಕೆಂದರೆ ಹಳೆಯ ಇನ್ನೋವಾ ಡೀಸೆಲ್ಲಿನಲ್ಲಿ ಅದು ಓಡುವಾಗ ತುಂಡಾದರೆ ಎಂಜಿನ್ ಬಿಚ್ಚದೆ ಗತಿಯಿಲ್ಲ. ಯಾವ ಗಾಡಿಯೂ ಅಮರವಲ್ಲ. ಸರ್ವೀಸ್ ತಪ್ಪಿಸದವನಿಗೆ ಮಾತ್ರ ಇದು ನಿಯತ್ತಾಗಿರುತ್ತದೆ.

2016ರಲ್ಲಿ ಇನ್ನೋವಾ ಕ್ರಿಸ್ಟಾ ಬಂತು. ಅದರ ಡೀಸೆಲ್ ಎಂಜಿನ್ ತಯಾರಾಗುವುದು ಜಿಗಣಿಯಲ್ಲಿ, ಮಗ್ಗದಿಂದ ಶುರುವಾದ ಅದೇ ಟೊಯೊಟಾ ಬಳಗದ ಕಂಪನಿಯಲ್ಲಿ. 2022ರ ಕೊನೆಗೆ ಬಂದ ಹೈಕ್ರಾಸ್ ಮಾತ್ರ ಬೇರೆ ಜಾತಿ. ಡೀಸೆಲ್ ಇಲ್ಲ, ಪ್ರತ್ಯೇಕ ಚಾಸಿಸ್ ಇಲ್ಲ, ಮುಂದಿನ ಚಕ್ರ ಎಳೆಯುತ್ತದೆ. ಪೆಟ್ರೋಲ್ ಜೊತೆಗೆ ಬ್ಯಾಟರಿ ಕೂಡಿದ ಹೈಬ್ರಿಡ್ ಮಾದರಿ ಲೀಟರಿಗೆ 23 ಕಿ.ಮೀ. ದಾಟುತ್ತದೆಂದು ಕಂಪನಿ ಹೇಳುತ್ತದೆ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇದರ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಬ್ಯಾಟರಿ ಹೋದರೆ ಗತಿಯೇನು ಎಂದು ಹಳಬರು, ಡೀಸೆಲ್ ಖರ್ಚು ಯಾರು ತಡೆಯುತ್ತಾರೆ ಎಂದು ಹೊಸಬರು. ಹೊಲದ ದಾರಿಗೆ, ಹೊರೆಗೆ, ಘಾಟಿಗೆ ನನ್ನ ಮತ ಕ್ರಿಸ್ಟಾ ಡೀಸೆಲ್ಲಿಗೇ.

ಈ ಹೊಗಳಿಕೆಯ ನಡುವೆ ಬಿಡದಿಯ ಕೆಲಸಗಾರರನ್ನು ಮರೆಯಬಾರದು. ಅಲ್ಲಿ 2006ರಲ್ಲಿ ಮುಷ್ಕರ, ಲಾಕೌಟ್ ಆದವು. 2014ರಲ್ಲಿ ವೇತನದ ಮಾತುಕತೆ ಮುರಿದು ಮತ್ತೆ ಲಾಕೌಟ್. 2020ರ ನವೆಂಬರಿನಲ್ಲಿ ಕೆಲಸಗಾರನೊಬ್ಬನ ಅಮಾನತಿನಿಂದ ಶುರುವಾದ ಹೋರಾಟ ತಿಂಗಳುಗಟ್ಟಲೆ ನಡೆಯಿತು. ಕೆಲಸದ ಹೊರೆ ಹೆಚ್ಚಾಯಿತು ಎನ್ನುವುದು ಕಾರ್ಮಿಕರ ದೂರಾಗಿತ್ತು. ತಪ್ಪು ಕಂಡರೆ ಸಾಲನ್ನೇ ನಿಲ್ಲಿಸುವ ಅಧಿಕಾರ ಕೆಲಸಗಾರನಿಗೆ ಕೊಟ್ಟ ಕಂಪನಿ, ‘ದಣಿದೆ’ ಎಂದು ಅವನು ಹೇಳುವುದನ್ನೂ ಅಷ್ಟೇ ಬೇಗ ಕೇಳಿಸಿಕೊಳ್ಳಬೇಕು. ಗುಣಮಟ್ಟದ ವಿಷಯದಲ್ಲೂ ಟೊಯೊಟಾ ಎಡವಿದ್ದಿದೆ. 2009-10ರಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಗಾಡಿಗಳನ್ನು ವಾಪಸು ಕರೆಸಿಕೊಳ್ಳಬೇಕಾಗಿ ಬಂದು, ಕಂಪನಿಯ ಅಧ್ಯಕ್ಷ ಅಕಿಯೊ ಟೊಯೊಡಾ, ಕಿಇಚಿರೊನ ಮೊಮ್ಮಗ, ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿದರು.

2023ರ ನವೆಂಬರಿನಲ್ಲಿ ಬಿಡದಿಗೆ ಮೂರನೆಯ ಕಾರ್ಖಾನೆ ತರಲು ರಾಜ್ಯ ಸರ್ಕಾರದೊಂದಿಗೆ 3,300 ಕೋಟಿ ರೂಪಾಯಿಯ ಒಪ್ಪಂದವಾಗಿದೆ. ಕೆಲಸಗಳು ಹುಟ್ಟುತ್ತವೆ. ಆ ಕೆಲಸಕ್ಕೆ ಹೋಗುವ ದಾರಿಯೊಂದರ ಸುದ್ದಿ ನಮ್ಮ ಹಳ್ಳಿಗಳ ಅನೇಕ ಮನೆಗಳಿಗೆ ತಲುಪಿಲ್ಲ. ಬಿಡದಿಯ ಅಂಗಳದಲ್ಲೇ 2007ರಿಂದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ನಡೆಯುತ್ತಿದೆ. ಹತ್ತನೇ ತರಗತಿ ಮುಗಿಸಿದ, ಗ್ರಾಮೀಣ ಬಡ ಕುಟುಂಬಗಳ ಮಕ್ಕಳಿಗಾಗಿ ಶುರುವಾದದ್ದು. ಮೂರು ವರ್ಷ ಅಲ್ಲೇ ಉಳಿದು ಜೋಡಣೆ, ವೆಲ್ಡಿಂಗ್, ಪೇಂಟಿಂಗ್, ಮೆಕಾಟ್ರಾನಿಕ್ಸ್ ಕಲಿಯಬಹುದು. ಪಾಠದ ಜೊತೆ ವ್ಯಾಯಾಮ, ಶಿಸ್ತು, ಕಾರ್ಖಾನೆಯ ಕೆಲಸ. ಜಗಳೂರಿನ, ಚನ್ನಗಿರಿಯ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮುಂಚೆಯೇ ಇದರ ಪ್ರವೇಶದ ವಿವರ ತರಿಸಿ ಸೂಚನಾ ಫಲಕಕ್ಕೆ ಹಾಕಲಿ, ಮಕ್ಕಳ ಅಪ್ಪ ಅಮ್ಮನನ್ನು ಕರೆದು ಹೇಳಲಿ.