ಸೈಟಿಗೊಬ್ಬರು ವಾರಸುದಾರರು
‘ನನ್ನದೊಂದು ಸೈಟಿದೆ’ ಅಂದರೆ ಹಾಸ್ಟೆಲ್ ಗೆಳೆಯರು ಮೊದಲು ಕೇಳುವುದು, ‘ಯಾವ ಲೇಔಟ್ ಮಾರಾಯ?’ ಎಂದು. ನನ್ನದು ವೆಬ್‌ಸೈಟು. ಎಂಟನೇ ಕ್ಲಾಸಿನಲ್ಲಿದ್ದಾಗ ನೋಟ್‌ಪ್ಯಾಡ್‌ನಲ್ಲಿ ಒಂದೊಂದೇ ಟ್ಯಾಗ್ ಕುಟ್ಟಿ ಕಟ್ಟಿದ್ದು. ಈಗ ನಾನು ಬಿ.ಇ. ಆರನೇ ಸೆಮಿಸ್ಟರ್, ಸೈಟಿಗೆ ಏಳು ವರ್ಷ.

ಅದರಲ್ಲಿರುವುದು ಅಜ್ಜನ ಮಳೆ ಲೆಕ್ಕ. ತೀರ್ಥಹಳ್ಳಿ ಕಡೆ ನಮ್ಮ ಅಡಿಕೆ ತೋಟ. ಅಜ್ಜ ಅಂಗಳದಲ್ಲಿ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದಿಡುತ್ತಿದ್ದರು. 1981ರಿಂದಲೂ ಒಂದು ಮಳೆಗಾಲ ತಪ್ಪಿಸಿದವರಲ್ಲ. ಅಂಕಿ ಪಕ್ಕದಲ್ಲೇ ‘ಪುನರ್ವಸು ಜೋರು, ಎರಡನೇ ಔಷಧಿ ಹೊಡೆಯಲಾಗಲಿಲ್ಲ’ ಎಂಬಂಥ ಷರಾ. ನೋಟ್‌ಬುಕ್‌ಗಳಿಗೆ ಗೆದ್ದಲು ಹಿಡಿಯುವ ಮೊದಲು ಟೈಪ್ ಮಾಡಿ, ವರ್ಷಕ್ಕೊಂದು ಪುಟ ಮಾಡಿದೆ. 2019ರ ಆಗಸ್ಟ್ ನೆರೆಯಲ್ಲಿ ಎಷ್ಟು ಬಿದ್ದಿತ್ತು ಎಂಬ ಜಗಳ ಬಂದರೆ ಊರಿನವರು ಈಗ ಫೋನಿನಲ್ಲಿ ಅದನ್ನೇ ತೆರೆಯುತ್ತಾರೆ.

‘ಪ್ಲೇಸ್‌ಮೆಂಟ್ ಹತ್ತಿರ ಬಂತು, ರೆಡಿಮೇಡ್ ಟೆಂಪ್ಲೇಟ್ ಹಾಕಿ ಚಂದ ಮಾಡೋ’ ಎನ್ನುತ್ತಾರೆ ಸೀನಿಯರ್‌ಗಳು. ಚಂದ ಆಗಬಹುದು, ಬಾಳಿಕೆ? ಟಿಮ್ ಬರ್ನರ್ಸ್-ಲೀ 1991ರಲ್ಲಿ ಸರ್ನ್‌ನಲ್ಲಿ ಬರೆದಂಥ ಬರೀ ಅಕ್ಷರ ಮತ್ತು ಟ್ಯಾಗ್‌ಗಳ ಪುಟ ಇವತ್ತಿನ ಬ್ರೌಸರ್‌ನಲ್ಲೂ ತೆರೆಯುತ್ತದೆ. ಅಮೆರಿಕದ ಜಸ್ಟಿನ್ ಹಾಲ್ ತನ್ನ ಸೈಟನ್ನು ಕೈಯಾರೆ ಬರೆದು ಶುರು ಮಾಡಿದ್ದು 1994ರಲ್ಲಿ, ಆಗ ಅವನಿಗೆ 19 ವರ್ಷ. ಆದರೆ ಬೇರೆಯವರ ಜಾಗದಲ್ಲಿ ಮನೆ ಕಟ್ಟಿದವರ ಕಥೆ ಬೇರೆ. ಜಿಯೋಸಿಟೀಸ್‌ನಲ್ಲಿ ಲಕ್ಷಾಂತರ ಜನ ಪುಟ ಮಾಡಿಕೊಂಡಿದ್ದರು. 2009ರಲ್ಲಿ ಯಾಹೂ ಅದಕ್ಕೆ ಬಾಗಿಲು ಹಾಕಿತು. ಇಂಟರ್ನೆಟ್ ಆರ್ಕೈವ್‌ನಂಥವರು ನಕಲು ಮಾಡಿಟ್ಟುಕೊಂಡಷ್ಟೇ ಉಳಿಯಿತು.

ನಮ್ಮ ಭಾಷೆಗೆ ಇನ್ನೊಂದು ಪೇಚು. ಯೂನಿಕೋಡ್‌ಗೂ ಮೊದಲಿನ ಎಷ್ಟೋ ಕನ್ನಡ ಪುಟಗಳು ಇವತ್ತಿಗೂ ತೆರೆಯುತ್ತವೆ, ಆದರೆ ಆ ಹಳೇ ಫಾಂಟ್ ಇಲ್ಲದಿದ್ದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದಕ್ಕೇ ನನ್ನ ಪ್ರತಿ ಪುಟದ ತಲೆಯಲ್ಲಿ ಯುಟಿಎಫ್-8 ಎಂಬ ಸಾಲು ಇದ್ದೇ ಇರುತ್ತದೆ.

ಕಳೆದ ವರ್ಷ ಅಜ್ಜ ಹೋದರು. ಆ ತಿಂಗಳೇ ಡೊಮೈನ್ ನವೀಕರಣದ ಮೇಲ್ ಬಂತು. ನಾನೇ ಇಲ್ಲದಿದ್ದರೆ ಈ ಮೇಲ್ ಯಾರು ನೋಡುತ್ತಾರೆ? ದುಡ್ಡು ಕಟ್ಟದಿದ್ದರೆ ಸ್ವಲ್ಪ ದಿನ ಕಾದು ಹೆಸರನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಒಟ್ಟಿಗೇ ಕಟ್ಟುತ್ತೇನೆಂದರೂ ಹತ್ತು ವರ್ಷಕ್ಕಿಂತ ಮುಂದಕ್ಕೆ ಆಗುವುದಿಲ್ಲ. ಇಪ್ಪತ್ತನೇ ವಯಸ್ಸಿಗೇ ಉಯಿಲಿನ ಚಿಂತೆಯಾ ಎಂದು ರೂಮ್‌ಮೇಟ್ ನಕ್ಕ. ನಗಲಿ.

ಇಡೀ ಸೈಟು ಎರಡು ಎಂಬಿ ಕೂಡ ಇಲ್ಲ. ವಾಟ್ಸ್ಆ್ಯಪ್‌ನ ಗುಡ್ ಮಾರ್ನಿಂಗ್ ವಿಡಿಯೊಗಿಂತ ಚಿಕ್ಕದು. ಒಂದು ಪೆನ್‌ಡ್ರೈವ್‌ಗೆ ಹಾಕಿ, ಪಾಸ್‌ವರ್ಡ್ ಬರೆದ ಚೀಟಿಯ ಜೊತೆ ಬೀರುವಿನಲ್ಲಿ ಪಹಣಿ ಇಡುವ ಫೈಲಿನೊಳಗೆ ಇಟ್ಟಿದ್ದೇನೆ. ಇಂಟರ್ನೆಟ್ ಆರ್ಕೈವ್‌ನಲ್ಲೂ ಪುಟಗಳನ್ನು ಉಳಿಸಿದ್ದಾಯಿತು. ಆದರೆ ಪೆನ್‌ಡ್ರೈವ್ ಮಳೆ ಅಳೆಯುವುದಿಲ್ಲವಲ್ಲ! ಹಾಗಾಗಿ ದಸರಾ ರಜೆಯಲ್ಲಿ ಒಂಬತ್ತನೇ ಕ್ಲಾಸಿನ ತಂಗಿಯನ್ನು ಕೂರಿಸಿಕೊಂಡು ಟೇಬಲ್‌ಗೆ ಹೊಸ ಸಾಲು ಸೇರಿಸುವುದನ್ನು ಕಲಿಸಿದೆ. ಎರಡೇ ದಿನ ಸಾಕಾಯಿತು. ಟೆಂಪ್ಲೇಟ್ ಆಗಿದ್ದರೆ ಇಷ್ಟು ಸಲೀಸಾಗಿ ಕೈದಾಟಿಸಲು ಆಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಈಗ ಬೆಳಿಗ್ಗೆ ಅಮ್ಮ ಮಾಪಕ ನೋಡಿ ಕೂಗಿ ಹೇಳುತ್ತಾರೆ, ತಂಗಿ ಬರೆಯುತ್ತಾಳೆ. ಹೋದ ವಾರ ಹಾಸ್ಟೆಲ್‌ನಿಂದ ತೆರೆದು ನೋಡಿದರೆ ಹಿನ್ನೆಲೆ ಪೂರ್ತಿ ಗುಲಾಬಿ ಬಣ್ಣ. ಕಣ್ಣು ಕುಕ್ಕುತ್ತದೆ. ನಾನೇನೂ ಬದಲಿಸಲು ಹೋಗಿಲ್ಲ.