ಮೊಣಕಾಲು ಕೀಲಿನ ರಚನೆ ಹಾಗೂ ಕಾರ್ಯ: ಅಂಗವಿಕಲತೆ ಪ್ರಮಾಣಪತ್ರದ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ನಾಗರಿಕರು ಮೊಣಕಾಲಿನ ತೊಂದರೆಯ ಕಾರಣದಿಂದ ಅಂಗವಿಕಲತೆ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವುದುಂಟು. ಭದ್ರಾವತಿಯ ಕಬ್ಬಿಣ ಮತ್ತು ಕಾಗದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು, ಭತ್ತದ ನಾಟಿ ಮಾಡುವವರು, ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರು – ಇವರೆಲ್ಲರ ದುಡಿಮೆಯ ಭಾರವನ್ನು ಹೊರುವ ಕೀಲು ಇದು. ತಪಾಸಣೆಯಲ್ಲಿ ವೈದ್ಯರು ಏನನ್ನು, ಏಕೆ ಅಳೆಯುತ್ತಾರೆ ಎಂಬುದನ್ನು ಅರಿಯಲು ಈ ಕೀಲಿನ ರಚನೆಯನ್ನು ತಿಳಿದಿರುವುದು ಉಪಯುಕ್ತ.

ಕೀಲಿನ ರಚನೆ

ಮೊಣಕಾಲು ಕೀಲಿನಲ್ಲಿ ಮೂರು ಮೂಳೆಗಳು ಸೇರುತ್ತವೆ: ಮೇಲ್ಭಾಗದಲ್ಲಿ ತೊಡೆಮೂಳೆ, ಕೆಳಭಾಗದಲ್ಲಿ ಮುಂಗಾಲಿನ ದೊಡ್ಡ ಮೂಳೆ, ಮುಂಭಾಗದಲ್ಲಿ ಮೊಣಕಾಲು ಚಿಪ್ಪು. ಇವುಗಳ ಪ್ರಮುಖ ಭಾಗಗಳು ಈ ಕೆಳಗಿನಂತಿವೆ.

1. ಮೃದ್ವಸ್ಥಿ: ಮೂಳೆಗಳ ತುದಿಯನ್ನು ಆವರಿಸಿರುವ ನುಣುಪಾದ ಹೊದಿಕೆ. ಇದಕ್ಕೆ ರಕ್ತನಾಳಗಳಾಗಲಿ ನರಗಳಾಗಲಿ ಇಲ್ಲ. ಆದ್ದರಿಂದ ಸವೆತವು ಆರಂಭದಲ್ಲಿ ನೋವಿಲ್ಲದೆ ಸಾಗುತ್ತದೆ. ಸವೆದ ಭಾಗವು ಸುಲಭವಾಗಿ ಮತ್ತೆ ಬೆಳೆಯುವುದಿಲ್ಲ.

2. ಮೆನಿಸ್ಕಸ್: ಮೂಳೆಗಳ ನಡುವೆ ಒಳಬದಿಗೊಂದು, ಹೊರಬದಿಗೊಂದು ಇರುವ ಅರ್ಧಚಂದ್ರಾಕಾರದ ಮೆತ್ತೆಗಳು. ಇವು ದೇಹದ ಭಾರವನ್ನು ಹರಡುತ್ತವೆ.

3. ಅಸ್ಥಿರಜ್ಜುಗಳು: ಕೀಲಿನ ಒಳಗೆ ಕತ್ತರಿಯಂತೆ ಹಾಯ್ದಿರುವ ಎರಡು ರಜ್ಜುಗಳು ಮೂಳೆಗಳು ಹಿಂದೆ ಮುಂದೆ ಜಾರುವುದನ್ನು ತಡೆಯುತ್ತವೆ. ಪಕ್ಕದ ಎರಡು ರಜ್ಜುಗಳು ಕೀಲು ಬದಿಗೆ ವಾಲುವುದನ್ನು ತಡೆಯುತ್ತವೆ.

4. ಸ್ನಾಯುಗಳು: ತೊಡೆಯ ಮುಂಭಾಗದ ಸ್ನಾಯುಗಳು ಕಾಲನ್ನು ನೀಡುತ್ತವೆ, ಹಿಂಭಾಗದವು ಮಡಿಸುತ್ತವೆ. ಚಿಪ್ಪು ಮುಂಭಾಗದ ಸ್ನಾಯುವಿನ ಎಳೆತಕ್ಕೆ ಬಲ ಕೊಡುತ್ತದೆ.

5. ಕೀಲುದ್ರವ: ಒಳಪೊರೆಯಿಂದ ಒಸರುವ ಈ ದ್ರವವು ಘರ್ಷಣೆಯನ್ನು ತಗ್ಗಿಸಿ ಮೃದ್ವಸ್ಥಿಗೆ ಪೋಷಣೆ ಒದಗಿಸುತ್ತದೆ.

ಕೀಲಿನ ಕಾರ್ಯ

ಮೊಣಕಾಲಿಗೆ ಎರಡು ಕೆಲಸಗಳಿವೆ: ಚಲಿಸುವುದು ಮತ್ತು ಅಲುಗದೆ ನಿಲ್ಲುವುದು. ಸಮತಟ್ಟಾದ ನೆಲದಲ್ಲಿ ನಡೆಯಲು ಸುಮಾರು 60ರಿಂದ 70 ಡಿಗ್ರಿ, ಮೆಟ್ಟಿಲು ಹತ್ತಿಳಿಯಲು ಸುಮಾರು 90 ಡಿಗ್ರಿ, ಕುಕ್ಕರಗಾಲಿನಲ್ಲಿ ಕೂರಲು 120 ಡಿಗ್ರಿಗೂ ಹೆಚ್ಚು ಮಡಿಕೆ ಅಗತ್ಯ. ಹೀಗಾಗಿ ಮನೆಯಂಗಳದಲ್ಲಿ ನಡೆದಾಡಬಲ್ಲವರಿಗೂ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನ ಮೆಟ್ಟಿಲು ಏರುವುದು ಕಷ್ಟವಾಗಬಹುದು. ಕಾಲು ಪೂರ್ಣ ನೀಡಿದಾಗ ತೊಡೆಮೂಳೆಯು ಕೆಳಗಿನ ಮೂಳೆಯ ಮೇಲೆ ಸ್ವಲ್ಪ ತಿರುಗಿ ಕೀಲು ಬಿಗಿಯಾಗುತ್ತದೆ. ಇದರಿಂದ ಹೆಚ್ಚು ಆಯಾಸವಿಲ್ಲದೆ ನಿಲ್ಲಲು ಸಾಧ್ಯ. ಪೂರ್ಣ ನೀಡಲಾಗದ ಕಾಲಿಗೆ ಈ ಅನುಕೂಲವಿಲ್ಲದ ಕಾರಣ ಬರಿದೆ ನಿಲ್ಲುವುದೂ ಶ್ರಮವಾಗುತ್ತದೆ.

ತಪಾಸಣೆಯ ಕ್ರಮ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಡಿ ಚಲನ ಅಂಗವಿಕಲತೆಯನ್ನು ನಿರ್ಣಯಿಸುವಾಗ ಕಾಲಿನ ಚಲನೆ ಮತ್ತು ಸ್ಥಿರತೆ ಎರಡನ್ನೂ ಪರಿಗಣಿಸಲಾಗುತ್ತದೆ. ಕೋನಮಾಪಕದಿಂದ ಮಡಿಕೆಯನ್ನು ಅಳೆಯಲಾಗುತ್ತದೆ, ಸ್ನಾಯುಬಲವನ್ನು ಪರೀಕ್ಷಿಸಲಾಗುತ್ತದೆ, ನಿಲ್ಲುವ ಮತ್ತು ನಡೆಯುವ ಸಾಮರ್ಥ್ಯವನ್ನು ನೋಡಲಾಗುತ್ತದೆ. ಸೊಂಟ, ಮೊಣಕಾಲು ಹಾಗೂ ಪಾದದ ಕೀಲುಗಳನ್ನು ಒಟ್ಟಾಗಿ ಗಣಿಸುವುದರಿಂದ, ಮೊಣಕಾಲಿನ ಅರ್ಧ ಚಲನೆ ನಷ್ಟವಾದ ಮಾತ್ರಕ್ಕೆ ಶೇ. 50 ಎಂದು ನಮೂದಾಗುವುದಿಲ್ಲ. ಎಕ್ಸ್-ರೇಯಲ್ಲಿ ಸವೆತ ಕಂಡುಬಂದಿದೆ ಎಂಬುದಷ್ಟೇ ಸಾಲದು. ಕೀಲಿನ ಕಾರ್ಯ ಎಷ್ಟು ಕುಂದಿದೆ ಎಂಬುದು ಮುಖ್ಯ. ಶೇ. 40 ಅಥವಾ ಅದಕ್ಕೂ ಹೆಚ್ಚಿನ ಪ್ರಮಾಣ ದೃಢಪಟ್ಟವರನ್ನು ಅಧಿನಿಯಮದ ಪ್ರಕಾರ ಮಾನದಂಡ ಅಂಗವಿಕಲತೆಯುಳ್ಳವರೆಂದು ಪರಿಗಣಿಸಲಾಗುತ್ತದೆ.

ಅರ್ಜಿದಾರರ ಗಮನಕ್ಕೆ

• ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದ ಮೂಲಕ ಸಲ್ಲಿಸತಕ್ಕದ್ದು. ವಾಸವಿರುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರಕ್ಕೆ ಅಥವಾ ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯ ಅಧಿಸೂಚಿತ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು.

• ತಪಾಸಣೆಗೆ ಬರುವಾಗ ಗುರುತು ಮತ್ತು ವಾಸಸ್ಥಳದ ದಾಖಲೆ, ಹಿಂದಿನ ಚಿಕಿತ್ಸೆಯ ಚೀಟಿಗಳು, ಎಕ್ಸ್-ರೇ ಹಾಗೂ ಶಸ್ತ್ರಚಿಕಿತ್ಸೆ ಆಗಿದ್ದಲ್ಲಿ ಬಿಡುಗಡೆ ಪತ್ರವನ್ನು ತರುವುದು. ಊರುಗೋಲು ಬಳಸುವವರು ಅದನ್ನೂ ತರುವುದು.

• ಮೊಣಕಾಲು ಪೂರ್ಣ ಮಡಿಯುವಂತಹ ಬಟ್ಟೆ ಧರಿಸಿ ಬರುವುದು. ಇರುವ ಚಲನೆಯನ್ನು ಬಚ್ಚಿಡುವುದಾಗಲಿ, ನೋವು ಸಹಿಸಿ ಮಿತಿ ಮೀರಿ ಮಡಿಸಿ ತೋರಿಸುವುದಾಗಲಿ ಸಲ್ಲದು; ದಿನನಿತ್ಯ ಆಗದ ಕೆಲಸಗಳನ್ನು ಇದ್ದಂತೆಯೇ ತಿಳಿಸುವುದು.

• ಅಂಗವಿಕಲತೆಯ ಪ್ರಮಾಣ ಬದಲಾಗುವ ಸಾಧ್ಯತೆ ಇದ್ದಲ್ಲಿ ನಿಗದಿತ ಅವಧಿಯ ಪ್ರಮಾಣಪತ್ರವನ್ನು, ಇಲ್ಲವಾದಲ್ಲಿ ಶಾಶ್ವತ ಪ್ರಮಾಣಪತ್ರವನ್ನು ನೀಡಲಾಗುತ್ತದೆ.

• ನಿರ್ಣಯಕ್ಕೆ ಒಪ್ಪಿಗೆ ಇಲ್ಲದವರು ಅಧಿನಿಯಮದ 59ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸಬಹುದು.

ಪ್ರಮಾಣಪತ್ರವು ಚಿಕಿತ್ಸೆಗೆ ಬದಲಿಯಲ್ಲ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಹಾಗೂ ದೇಹತೂಕದ ನಿಯಂತ್ರಣದಿಂದ ಅನೇಕರಲ್ಲಿ ನೋವು ತಗ್ಗುತ್ತದೆ. ಮೊಣಕಾಲು ಊದಿಕೊಂಡು ಜ್ವರ ಬಂದಲ್ಲಿ, ಕೀಲು ದಿಢೀರನೆ ಸಿಕ್ಕಿಕೊಂಡಲ್ಲಿ ಅಥವಾ ಪೆಟ್ಟಿನ ನಂತರ ಕಾಲಿನ ಮೇಲೆ ಭಾರ ಹಾಕಲು ಆಗದಿದ್ದಲ್ಲಿ ತಪಾಸಣೆಯ ದಿನಾಂಕಕ್ಕಾಗಿ ಕಾಯದೆ ತಕ್ಷಣ ವೈದ್ಯರನ್ನು ಕಾಣತಕ್ಕದ್ದು.